ಎದೆಯ ಸದ್ದು ಮೆತ್ತಗಾದ ವಾರ

ಮೂರನೆಯ ರೊಟ್ಟಿ ಬಡಿಯುವಾಗ ದಮ್ಮು ಹತ್ತಿತು. ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಕುಳಿತೆ. ಹಂಚಿನ ಮೇಲಿದ್ದ ರೊಟ್ಟಿ ಕರಕಾಗುವ ವಾಸನೆ ಬರುತ್ತಿತ್ತು. ಏಳಬೇಕು ಅನಿಸಿತು, ಏಳಲು ಆಗಲಿಲ್ಲ.

"ಏನಾತ ಶಾಂತಾ?" ಎನ್ನುತ್ತ ಅತ್ತೆ ಹಿತ್ತಲಿನಿಂದ ಓಡಿ ಬಂದರು.

"ಏನಿಲ್ಲ ಅತ್ತಿ, ಬಿಸಲ ಝಳ."

ಹೊರಗೆ ಮೋಡ ಕವಿದಿತ್ತು. ಅತ್ತೆ ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಕರಕಾದ ರೊಟ್ಟಿ ತಿರುವಿ ಹಾಕಿದರು. ಸುಳ್ಳು ಹೇಳುವುದಕ್ಕೂ ಉಸಿರು ಬೇಕು ಎಂದು ನನಗೆ ಅಂದೇ ಗೊತ್ತಾದದ್ದು.

ನಮ್ಮದು ಧುಪದಾಳ. ಹೊಳೆಯ ದಂಡೆಗೆ ಅತ್ತೆಯ ಹತ್ತು ಗುಂಟೆ ಜಾಗ. ಮೆಂತೆ, ಹಕ್ಕರಕಿ, ರಾಜಗಿರಿ, ಉಳ್ಳಾಗಡ್ಡಿ ತಪ್ಪಲು, ಹೀಗೆ ನಾನಾ ಸೊಪ್ಪು ಬೆಳೆದು ಗೋಕಾಕದ ಪೇಟೆಯಲ್ಲಿ ಕುಳಿತು ಮಾರುತ್ತಾರೆ. ನನ್ನ ಗಂಡ ಬಾಳಪ್ಪನಿಗೆ ಮೂಡಲಗಿಯಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುವ ಅಂಗಡಿ. ನಾನು ಮನೆಯಲ್ಲೇ ಹೆಂಗಸರ ಜಂಪರು ಹೊಲಿಯುತ್ತೇನೆ. ಮೂವರೂ ಕೈಯಿಂದ ಬದುಕುವವರು. ಎದೆಯ ಬಗ್ಗೆ ಯೋಚಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಆ ತಿಂಗಳುಗಳನ್ನು ನೆನೆದರೆ ಎಲ್ಲವನ್ನೂ ನೀರೊಳಗಿನಿಂದ ನೋಡಿದ ಹಾಗೆ ಕಾಣುತ್ತದೆ. ಜನ ಮಾತಾಡುತ್ತಿದ್ದರು, ನನಗೆ ತಡವಾಗಿ ಕೇಳುತ್ತಿತ್ತು. ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂರು ದಿಂಬಿಗೆ ಒರಗಿ, ಕಣ್ಣು ಅರ್ಧ ಮುಚ್ಚಿ ಕೂತಿರುತ್ತಿದ್ದೆ. ಹೊಳೆಗೆ ಕಟ್ಟಿದ ಒಡ್ಡಿನ ಮೇಲಿಂದ ನೀರು ಬೀಳುವ ಸದ್ದು ದೂರದಿಂದ ಬರುತ್ತಿತ್ತು. ಅದರ ಜೊತೆ ನಾನೂ ಮೆಲ್ಲಗೆ ಎಲ್ಲಿಗೋ ಹೋಗುತ್ತಿದ್ದೆ, ಹೆದರಿಕೆಯೇ ಆಗುತ್ತಿರಲಿಲ್ಲ. ಹೆದರಿಕೆ ಆಗದೇ ಇದ್ದದ್ದೇ ಈಗ ಹೆದರಿಕೆ ಹುಟ್ಟಿಸುತ್ತದೆ.

ಗೋಕಾಕದ ಡಾಕ್ಟರು ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು.

"ಸಣ್ಣಾಕಿ ಇದ್ದಾಗ ಕೀಲು ಬಾತು ಜ್ವರ ಬಂದಿತ್ತೇನವಾ?"

ಬಂದಿತ್ತು. ನನ್ನ ತವರು ಹುಕ್ಕೇರಿ ತಾಲೂಕು, ಯಮಕನಮರಡಿಯ ಹತ್ತಿರ. ಒಂಬತ್ತು ವರ್ಷದವಳಿದ್ದಾಗ ಮೊದಲು ಮೊಣಕಾಲು ಬಾತಿತು, ಆಮೇಲೆ ಮೊಣಕೈ. ಅವ್ವ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿದಳು. ಬಾವು ಇಳಿಯಿತು. ಎಲ್ಲರೂ ಮರೆತೆವು. ಆ ಜ್ವರ ಕೀಲು ಬಿಟ್ಟು ಹೃದಯಕ್ಕೆ ಹೋಗಿ ಕುಳಿತಿತ್ತಂತೆ. ಇಪ್ಪತ್ತೈದು ವರ್ಷ ಸದ್ದಿಲ್ಲದೆ ಕೆಲಸ ಮಾಡಿತ್ತಂತೆ.

ಡಾಕ್ಟರು ಹಾಳೆಯ ಮೇಲೆ ನಾಲ್ಕು ಕೋಣೆ ಬರೆದರು. ಎಡಗಡೆ ಮೇಲೊಂದು, ಕೆಳಗೊಂದು. ಅವೆರಡರ ನಡುವಿನ ಬಾಗಿಲು ಮೈಟ್ರಲ್ ವಾಲ್ವ್. ಅದಕ್ಕೆ ಎರಡು ತೆಳು ಪದರು. ಪುಪ್ಪುಸದಿಂದ ಬಂದ ಶುದ್ಧ ರಕ್ತ ಮೇಲಿನ ಕೋಣೆ ತುಂಬುತ್ತದೆ, ಪದರು ತೆರೆಯುತ್ತವೆ, ರಕ್ತ ಕೆಳಗಿಳಿಯುತ್ತದೆ. ಕೆಳಗಿನ ಕೋಣೆ ಹಿಂಡಿಕೊಂಡಾಗ ಪದರು ಮುಚ್ಚುತ್ತವೆ, ರಕ್ತ ಮೈಗೆಲ್ಲ ಹೋಗುತ್ತದೆ. ಪದರು ಮೇಲಕ್ಕೆ ಮಗುಚದ ಹಾಗೆ ಸಣ್ಣ ಎಳೆಗಳು ಕೆಳಗಿನಿಂದ ಹಿಡಿದಿರುತ್ತವೆ. ನನ್ನವು ಅಂಚಿನಲ್ಲಿ ಅಂಟಿಕೊಂಡು ದಪ್ಪವಾಗಿದ್ದವು. ನಡುವೆ ಉಳಿದದ್ದು ಜಂಪರಿನ ಕಾಜಾದಷ್ಟು ಕಂಡಿ. ಗುಂಡಿ ತೂರಿಸುವ ಕಾಜಾ ನಾನು ದಿನಕ್ಕೆ ಎಷ್ಟು ಹೊಲಿದಿಲ್ಲ! ಅಷ್ಟರಲ್ಲಿ ಮೈಯ ರಕ್ತವೆಲ್ಲ ತೂರಿ ಹೋಗಬೇಕಿತ್ತು. ಹೋಗಲಾಗದೆ ಹಿಂದಕ್ಕೆ ಪುಪ್ಪುಸದಲ್ಲಿ ನಿಲ್ಲುತ್ತಿತ್ತು.

"ಬಲೂನ್ ಹಾಕಿ ಅಗಲ ಮಾಡೂ ಹಂತ ದಾಟೇತ್ರಿ. ಸೋರಾಕೂ ಹತ್ತೇತಿ. ವಾಲ್ವ್ ಬದಲಿ ಮಾಡಬೇಕು."

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಅರಿವಳಿಕೆಯಿಂದ ಏಳುವಾಗ ಮೊದಲು ಬಂದದ್ದು ಒಂದು ಸದ್ದು. ಟಿಕ್. ಟಿಕ್. ಗೋಡೆಯಲ್ಲಿ ಗಡಿಯಾರ ಹುಡುಕಿದೆ. ಗಡಿಯಾರ ಇರಲಿಲ್ಲ.

ನಾನೇ ಸದ್ದು ಮಾಡುತ್ತಿದ್ದೆ.

ಲೋಹದ ವಾಲ್ವ್, ಎರಡು ಸಣ್ಣ ರೆಕ್ಕೆ. ಮುಚ್ಚಿದಾಗೊಮ್ಮೆ ಟಿಕ್. ಮನೆಗೆ ಬಂದ ಮೇಲೆ ಓಣಿಯ ಹೆಂಗಸರು, "ಶಾಂತವ್ವನ ಬಾಜೂ ಕುಂತರ ಟೈಮ್ ಗೊತ್ತಾಕ್ಕೈತಿ ನೋಡ್ರಿ" ಎಂದು ನಗೆ ಮಾಡಿದರು. ನಾನೂ ನಕ್ಕೆ. ಒಳಗೊಳಗೆ ಆ ಸದ್ದು ಸೇರುತ್ತಿರಲಿಲ್ಲ. ಯಾರದ್ದೋ ಯಂತ್ರವನ್ನು ಹೊತ್ತು ತಿರುಗುತ್ತಿದ್ದೇನೆ ಅನಿಸುತ್ತಿತ್ತು.

ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಗುಳಿಗೆ, ಜೀವ ಇರುವ ತನಕ. ಅದು ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಲು ತಿಂಗಳಿಗೊಮ್ಮೆ ಐಎನ್‌ಆರ್ ಎಂಬ ಪರೀಕ್ಷೆ. ನನಗೆ ಎರಡೂವರೆಯಿಂದ ಮೂರೂವರೆಯ ಒಳಗೆ ಇರಬೇಕು. ಕೊಟ್ಟ ಹಾಳೆಯಲ್ಲಿ ಹಸಿರು ಸೊಪ್ಪಿನ ಬಗ್ಗೆ ಒಂದು ಸಾಲಿತ್ತು: ಮಿತಿಯಲ್ಲಿ, ದಿನವೂ ಒಂದೇ ಪ್ರಮಾಣದಲ್ಲಿ. ನಾನು ಜಾಣೆ. ಮಿತಿ ಏಕೆ, ಸೊಪ್ಪಿನ ಪಲ್ಯವನ್ನೇ ಬಿಟ್ಟುಬಿಟ್ಟೆ.

ಹಸಿ ಸೊಪ್ಪು, ನಾವು ತಪ್ಪಲು ಅನ್ನುವುದು, ಬಿಡಲಿಲ್ಲ. ಬಿಡಬೇಕೆಂದು ಹೊಳೆಯಲೂ ಇಲ್ಲ. ನಮ್ಮ ಕಡೆ ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ. ರೊಟ್ಟಿ ಊಟ, ಪಲ್ಯ ಊಟ. ರೊಟ್ಟಿಯ ಬಾಜೂ ಇಟ್ಟ ಹಸಿ ಮೆಂತೆಯನ್ನೋ ಹಕ್ಕರಕಿಯನ್ನೋ ಮಾತಾಡುತ್ತ ಬಾಯಿಗೆ ಹಾಕಿಕೊಳ್ಳುತ್ತೇವೆ, ಅಷ್ಟೆ. ಅದನ್ನು ತಿಂದೆ ಎಂದು ಯಾರಾದರೂ ಹೇಳುತ್ತಾರೆಯೇ? ಅತ್ತೆಯಂತೂ ಹಿತ್ತಲಿನ ಸೊಪ್ಪಿನ ಮಡಿಯಿಂದ ಎಳೆಯದನ್ನು ಆರಿಸಿ ನನಗೇ ತೆಗೆದಿಡುತ್ತಿದ್ದರು. "ತಿನ್ನವಾ, ರಕ್ತ ಆಗತೈತಿ. ಮಾರಾಕ ನಾಳೆ ಬೆಳಿತೈತಿ." ಮುಂಜಾನೆ ಒಂದು ಸಿವುಡು, ಒಂದು ಕಟ್ಟು ಅನ್ನಿ, ಸಂಜೆ ಒಂದು ಸಿವುಡು. ಆಸ್ಪತ್ರೆಯ ಸಪ್ಪೆ ಗಂಜಿ ಉಂಡು ಬಂದ ನಾಲಿಗೆಗೆ ಅದು ಹಬ್ಬ.

ಒಂದು ವಾರ ಸದ್ದು ಮೆತ್ತಗಾಯಿತು.

ನನಗೆ ಖುಷಿ! ಅಂತೂ ಮೈ ಅದನ್ನು ಒಪ್ಪಿಕೊಂಡಿತು ಎಂದುಕೊಂಡೆ. ಮಧ್ಯಾಹ್ನ ಒಳ್ಳೆಯ ನಿದ್ದೆ ಬರತೊಡಗಿತು. ನಿದ್ದೆಯೋ ಮಂಪರೋ. ಮಗ್ಗಿಯ ಹಾಗೆ ಒಂದೇ ಕನಸು: ಒಡ್ಡಿನ ಮೇಲೆ ನಡೆಯುತ್ತಿದ್ದೇನೆ, ನೀರು ಬೀಳುತ್ತಿದೆ, ಸದ್ದೇ ಇಲ್ಲ. ಎದ್ದಾಗ ಸ್ವಲ್ಪ ಏದುಸಿರು ಇರುತ್ತಿತ್ತು. ಹೊಲಿಗೆ ಮಷೀನು ತುಳಿದದ್ದು ಹೆಚ್ಚಾಯಿತು ಎಂದುಕೊಳ್ಳುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಕೈ ತಟ್ಟನೆ ನಿಂತಿತು.

"ಶಾಂತಾ, ನಿನ್ನ ಸಪ್ಪಳ ಎಲ್ಲಿ ಹೋತು?"

"ಮೆತ್ತಗಾಗೇತಿ ಅತ್ತಿ. ಚಲೋ ಆತಲ್ರಿ."

"ಚಲೋ ಹೆಂಗವಾ? ಪಂಪಿನ ಸಪ್ಪಳ ಬದಲಾದರ ನನ್ನ ಮಗ ಉಣ್ಣೂದ ಬಿಟ್ಟು ಓಡ್ತಾನ. ಇದು ಕೇಳವಲ್ದು ಅಂದ್ರ ನಾವು ಕುಂತ ಬಿಡೂದ?"

ಎಣ್ಣೆಗೈಯಲ್ಲೇ ನನ್ನನ್ನು ತಿರುಗಿಸಿ ಎದೆಗೆ ಕಿವಿ ಇಟ್ಟರು. ಒಂದು ನಿಮಿಷ ಹಾಗೇ ಇದ್ದರು. "ಬಾಳಪ್ಪಗ ಫೋನ್ ಹಚ್ಚು" ಎಂದರು.

ಗೋಕಾಕದಲ್ಲಿ ಐಎನ್‌ಆರ್ ನೋಡಿದರು. ಒಂದು ಪಾಯಿಂಟ್ ಎರಡು, ಬೇಕಾದದ್ದರ ಅರ್ಧವೂ ಇಲ್ಲ. ಅಲ್ಲಿಂದಲೇ ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದರು. ಎಕ್ಸ್‌ರೇ ಪರದೆಯ ಮೇಲೆ ನನ್ನ ವಾಲ್ವ್ ಕಂಡಿತು. ಎರಡು ಕಪ್ಪು ಗೆರೆ. ಒಂದು ರೆಪ್ಪೆಯಂತೆ ಬಡಿಯುತ್ತಿತ್ತು.

ಇನ್ನೊಂದು ಅಲುಗುತ್ತಿರಲಿಲ್ಲ.

"ಸೊಪ್ಪು ತಿಂತೀರೇನ್ರಿ?" ಎಂದರು ಅಲ್ಲಿಯ ಡಾಕ್ಟರಮ್ಮ.

"ಇಲ್ರಿ. ಪೂರಾ ಬಿಟ್ಟೇನ್ರಿ," ಎಂದೆ. ಖರೆ ಅಂತಲೇ ಹೇಳಿದೆ.

ಬಾಗಿಲ ಹತ್ತಿರ ನಿಂತಿದ್ದ ಅತ್ತೆ, "ಹಸಿ ತಪ್ಪಲಾ ದಿನಾ ಕೊಡ್ತೇನಲ್ರಿ, ಎರಡು ಸಿವುಡ" ಎಂದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಗುಳಿಗೆಯ ಕೆಲಸವನ್ನು ಕೆಡಿಸುತ್ತದೆ, ಹಸಿಯಾಗಲಿ ಬೇಯಿಸಿದ್ದಾಗಲಿ ಒಂದೇ, ಈಗ ರೆಕ್ಕೆಯ ಮೇಲೆ ರಕ್ತ ಹೆಪ್ಪುಗಟ್ಟಿದೆ ಎಂದು ನಿಧಾನವಾಗಿ ತಿಳಿಸಿದರು. ಹೆಪ್ಪು ಕರಗಿಸುವ ಔಷಧಿಯನ್ನು ಡ್ರಿಪ್ಪಿನಲ್ಲಿ ಬಿಡಬೇಕು. ಕರಗುವಾಗ ಚೂರು ಹಾರಿ ಮಿದುಳಿಗೆ ಹೋದರೆ ಕೈಕಾಲು ಬೀಳಬಹುದು, ಮಾತು ಹೋಗಬಹುದು, ಜೀವವೂ ಹೋಗಬಹುದು. ಬಿಡದಿದ್ದರೆ ಎರಡನೆಯ ರೆಕ್ಕೆಯೂ ನಿಲ್ಲಬಹುದು. ಬಾಳಪ್ಪ ಒಪ್ಪಿಗೆಯ ಹಾಳೆಗೆ ಸಹಿ ಮಾಡಿದ.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ನನ್ನ ಕೈಯಾರೆ ಸೊಸಿಗಿ ವಿಷಾ ತಿನಸಿದೆನಲ್ಲೋ ಬಾಳಪ್ಪಾ!" ನನ್ನ ಮುಖಕ್ಕೆ ಆಕ್ಸಿಜನ್ ಮಾಸ್ಕು ಇತ್ತು. ಇಲ್ಲ ಅತ್ತಿ, ಸದ್ದು ಅಡಗಿದ್ದನ್ನು ಕೇಳಿಸಿಕೊಂಡವರೇ ನೀವು ಎನ್ನಬೇಕೆಂದಿದ್ದೆ. ಸ್ಟ್ರೆಚರು ತಿರುಗಿ ಹೋಯಿತು.

ಐಸಿಯುದಲ್ಲಿ ಹೊತ್ತು ಕರಗಿ ಹೋಗಿತ್ತು. ಒಮ್ಮೆ ಅತ್ತೆಯ ಮಡಿಗಳ ನಡುವೆ ಇರುತ್ತಿದ್ದೆ, ಕಾಲ ಕೆಳಗೆ ತಂಪು ಮಣ್ಣು. ಒಮ್ಮೆ ತವರಿನ ಕಟ್ಟೆಯ ಮೇಲೆ, ಒಂಬತ್ತರ ಹುಡುಗಿ. ನರ್ಸ್ ಮತ್ತೆ ಮತ್ತೆ ಬಂದು ಎಬ್ಬಿಸುತ್ತಿದ್ದಳು.

"ಎರಡೂ ಕೈ ಎತ್ರಿ. ಹೆಸರು ಹೇಳ್ರಿ. ಊರು?"

ಪ್ರತಿ ಸಲ ಬಾಯಿ ತೆರೆಯುವ ಮೊದಲು ನಾಲಿಗೆ ಆಡಿಸಿ ನೋಡುತ್ತಿದ್ದೆ. ಮಾತು ಬರದಿದ್ದರೆ? "ಶಾಂತಾ. ಧುಪದಾಳ." ಬಂತು. ಬದುಕಬೇಕು ಎಂದು ಅಷ್ಟು ಆಸೆಯಿಂದ ನಾನು ಹಿಂದೆ ಯಾವತ್ತೂ ಕೇಳಿಕೊಂಡಿರಲಿಲ್ಲ. ಮಾತು ಹೋಗಿ ಬದುಕಿದರೆ ಅತ್ತೆಗೆ ನಿಮ್ಮ ತಪ್ಪಲ್ಲ ಎಂದು ಹೇಳುವವರು ಯಾರು ಎಂಬ ಸಂಕಟವೂ ಇತ್ತು.

ಮರುದಿನ ಮಧ್ಯಾಹ್ನ ಎದೆಯಲ್ಲಿ ಟಿಕ್ ಎಂದಿತು. ಚೊಕ್ಕ, ಚೂಪು. ಇನ್ನೊಮ್ಮೆ. ನನಗೆ ಅಳು ಬಂತು. ಆ ಯಂತ್ರದ ಸದ್ದು ಮೊದಲ ಸಲ ನನ್ನದು ಅನಿಸಿತು. ಮತ್ತೆ ಎಕ್ಸ್‌ರೇ ತೆಗೆದಾಗ ಪರದೆಯ ಮೇಲೆ ಎರಡೂ ರೆಕ್ಕೆ ಬಡಿಯುತ್ತಿದ್ದವು.

ಮನೆಗೆ ಬಂದಾಗ ಹಿತ್ತಲ ಮೆಂತೆಯ ಮಡಿ ಬೋಳಾಗಿತ್ತು. ಅತ್ತೆ ಎಲ್ಲವನ್ನೂ ಕಿತ್ತು ಎಮ್ಮೆಗೆ ಹಾಕಿದ್ದರು. ನಾವು ಮೂವರೂ ಬರೀ ರೊಟ್ಟಿ, ಶೇಂಗಾ ಚಟ್ನಿ ಉಣ್ಣತೊಡಗಿದೆವು. ತಪ್ಪಲು ಇಲ್ಲದ ತಾಟು ಸೂತಕದ ಮನೆಯ ತಾಟಿನಂತೆ ಕಾಣುತ್ತಿತ್ತು. ಡಾಕ್ಟರಮ್ಮ ಹೇಳಿದ್ದು ಬೇರೆ: ಪೂರಾ ಬಿಡಬೇಡಿ, ದಿನಾ ಒಂದೇ ಅಳತೆಯಷ್ಟು ತಿನ್ನಿ, ಗುಳಿಗೆಯನ್ನು ಅದಕ್ಕೆ ಹೊಂದಿಸುತ್ತೇವೆ. ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಹತ್ತು ದಿನ ನೋಡಿದೆ. ಹನ್ನೊಂದನೆಯ ದಿನ ಮೆಲ್ಲಗೆ ನಡೆದು, ಎರಡು ಕಡೆ ಕುಳಿತು, ಹೊಳೆಯ ದಂಡೆಗೆ ಹೋದೆ. ರೊಟ್ಟಿ ಗಂಟು ಕೈಯಲ್ಲಿತ್ತು. ಅತ್ತೆ ಪೇಟೆಗೆಂದು ಹಕ್ಕರಕಿ ಕೀಳುತ್ತಿದ್ದರು.

"ನನಗೊಂದು ಮುಷ್ಟಿ ಕೊಡ್ರಿ."

"ಬ್ಯಾಡವಾ. ನನ್ನ ಕೈ ಮ್ಯಾಲ ನನಗ ನಂಬಿಗಿ ಹೋಗೇತಿ."

"ನನಗ ಹೋಗಿಲ್ರಿ ಅತ್ತಿ. ದಿನಾ ಒಂದ ಅಳತಿ ಬೇಕಂತ. ನಿಮ್ಮ ಮುಷ್ಟಿನ ಅಳತಿ."

ಅವರು ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಬಗ್ಗಿ ಕಿತ್ತರು, ನೀರಲ್ಲಿ ಜಾಲಿಸಿದರು. ನಾನು ರೊಟ್ಟಿ ಬಿಚ್ಚಿದೆ. ಅತ್ತೆ ಮುಷ್ಟಿ ತೆರೆದು ನೋಡಿದರು, ಹೆಚ್ಚಾದ ಎರಡು ಎಲೆ ತೆಗೆದು ತಮ್ಮ ಬಾಯಿಗೆ ಹಾಕಿಕೊಂಡರು, ಉಳಿದದ್ದನ್ನು ನನ್ನ ರೊಟ್ಟಿಯ ಮೇಲೆ ಇಟ್ಟರು.