ಗೌರವ್ವನ ಹರಳು

ನನ್ನ ಎಡಗಿವಿಗೆ ಈಗ ಒಂದು ಮಶೀನು ಇದೆ. ಅವರೆಕಾಯಿಯಷ್ಟು ಉದ್ದ. ಹಾನಗಲ್ಲಿನ ಕಿವಿ ಡಾಕ್ಟರು ಹಾಕಿಕೊಟ್ಟು ಆರು ತಿಂಗಳಾಯಿತು. ಅದಕ್ಕೊಂದು ಸಣ್ಣ ಗುಂಡಿ ಇದೆ. ಸೊಸೆ ಉಪ್ಪು ಕಡಿಮೆ ತಿನ್ನಬೇಕೆಂದು ಶುರು ಮಾಡಿದಾಗ, ಬೀಗರು ತಮ್ಮ ಮಂಡಿನೋವಿನ ಪುರಾಣ ತೆಗೆದಾಗ, ತಲೆ ಕೆರೆದುಕೊಳ್ಳುವವಳಂತೆ ಕೈ ಎತ್ತಿ ಆ ಗುಂಡಿ ಒತ್ತಿಬಿಡುತ್ತೇನೆ. ಆಮೇಲೆ ಅವರ ಬಾಯಿ ನೋಡುತ್ತ ಗೋಣು ಹಾಕುತ್ತೇನೆ. ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ನೀವೂ ಹೇಳಬೇಡಿ.

ಮೊನ್ನೆ ರೊಟ್ಟಿಗೆ ಹಿಟ್ಟು ನಾದುತ್ತ ತಲೆಯ ಮೇಲೆ ಸೆರಗು ಎಳೆದುಕೊಂಡೆ. ಮಶೀನು ಕುಂಯ್ ಎಂದು ಚೀರಿತು. ಮೊಮ್ಮಗಳು ನಕ್ಕಳು.

"ಅಜ್ಜಿ, ಅದು ತನ್ನ ದನಿ ತಾನ ಕೇಳಿಸ್ಕೊಳ್ಳಾಕತ್ತೈತಿ. ಅದಕ್ಕ ಹಂಗ ಚೀರತೈತಿ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಇದೇ ಮಾತನ್ನು, ಇದೇ ದುಂಡಸಿ ಊರಿನ ಇದೇ ಮನೆಯ ಒಲೆಯ ಮುಂದೆ, ಬೇರೆ ಒಬ್ಬಳ ಬಾಯಿಂದ ಕೇಳಿದ್ದೆ. ನಲವತ್ತೈದು ವರ್ಷದ ಮೇಲಾಯಿತು. ಅವಳು ನನ್ನ ನಾದಿನಿ, ಗಂಡನ ತಂಗಿ ಗೌರವ್ವ.

ನಾನು ಓದಿದ್ದು ಮೂರನೆಯ ಇಯತ್ತೆ. ಗೌರವ್ವ ಏಳನೆಯದು. ನಡುವಿನ ಆ ನಾಲ್ಕು ಇಯತ್ತೆ ನನಗೆ ಎಷ್ಟು ಚುಚ್ಚುತ್ತಿದ್ದವೆಂದು ಈಗ ಹೇಳಿದರೆ ನಗು ಬರುತ್ತದೆ. ಅವಳು ಪಂಚಾಂಗ ಓದಿದರೆ ನಾನು ಬೇಕೆಂದೇ ಪಾತ್ರೆ ಸಪ್ಪಳ ಮಾಡುತ್ತಿದ್ದೆ.

ಮನೆಯ ರೇಡಿಯೋ ಕೆಟ್ಟಾಗ ಮಾವ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ಮಗಳನ್ನು ಜೊತೆಗೆ ಕರೆದುಕೊಂಡು, ಶಿಗ್ಗಾವಿಗೆ ಒಂದು ಬಸ್ಸು, ಅಲ್ಲಿಂದ ಸವಣೂರಿಗೆ ಒಂದು ಬಸ್ಸು ಹಿಡಿದರು. ಸವಣೂರಿನಲ್ಲಿ ಒಬ್ಬ ಸಾಹೇಬರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಮಾವ ಎಲೆ ಅಡಿಕೆ ಕೊಂಡು ಬರುವಷ್ಟರಲ್ಲಿ ಗೌರವ್ವ ಆ ಸಾಹೇಬರ ಮುಂದೆ ಕುಳಿತು ತಾಮ್ರದ ತಂತಿ ಸುತ್ತುತ್ತಿದ್ದಳಂತೆ. ಬೆರಳು ಸಣ್ಣ, ಕೈ ನಡುಗುವುದಿಲ್ಲ. ಆವತ್ತಿನಿಂದ ಅವಳು ತಿಂಗಳಿಗೆರಡು ಸಲ ಸವಣೂರಿಗೆ ಹೋಗುವುದು, ಕೆಟ್ಟ ರೇಡಿಯೋದ ಕರುಳು ಪಿತ್ತ ಎಲ್ಲ ಚೀಲ ತುಂಬಿಕೊಂಡು ಬರುವುದು ರೂಢಿಯಾಯಿತು.

ಮಾವನ ವಿಷಯ ಹೇಳಬೇಕು. ಅವರು ಹಾಡುವವರು. ಸೋಮವಾರದ ಭಜನೆ ಅವರ ದನಿಯಿಲ್ಲದೆ ಏಳುತ್ತಿರಲಿಲ್ಲ. ಆದರೆ ಅವರ ಕಿವಿ ಮೆಲ್ಲಗೆ ಕೆಟ್ಟಿತು. ತನ್ನ ದನಿ ತನಗೆ ಕೇಳದವನು ಹೇಗೆ ಹಾಡುತ್ತಾನೆ? ಏರುವಲ್ಲಿ ಇಳಿದರು, ಇಳಿಯುವಲ್ಲಿ ಏರಿದರು. ಒಂದು ಸೋಮವಾರ ತಾಳ ಹಾಕುವವರು ಮುಖ ತಿರುಗಿಸಿ ನಕ್ಕದ್ದು ಅವರಿಗೆ ಕೇಳಲಿಲ್ಲ, ಕಂಡಿತು. ಏಕತಾರಿಯನ್ನು ಗೂಟಕ್ಕೆ ತೂಗುಹಾಕಿದರು. ಆಮೇಲೆ ಭಜನೆಗೆ ಹೋಗಲಿಲ್ಲ, ಮಾತೂ ಕಡಿಮೆಯಾಯಿತು.

ಗೌರವ್ವ ಅಪ್ಪನಿಗೆ ದನಿ ಕೇಳಿಸುತ್ತೇನೆಂದು ಹಟಕ್ಕೆ ಬಿದ್ದಳು. ಒಂದು ಒಡೆದ ಮಣೆಯ ಮೇಲೆ ಹಿತ್ತಾಳೆ ಮೊಳೆ ಬಡಿದು, ಅವುಗಳ ನಡುವೆ ರೇಡಿಯೋದ ಮೂರುಕಾಲಿನ ಸಣ್ಣ ತುಣುಕುಗಳನ್ನು ಬೆಸೆದಳು. ಮನೆಗೆ ಕರೆಂಟು ಇರಲಿಲ್ಲ. ಬೆಸೆಯುವ ಕಬ್ಬಿಣವನ್ನು ನನ್ನ ಒಲೆಯ ಕೆಂಡದಲ್ಲೇ ಕಾಯಿಸುತ್ತಿದ್ದಳು. ಆ ದಿನಗಳ ರೊಟ್ಟಿಯೆಲ್ಲ ರಾಳದ ವಾಸನೆ. ಕೇಳುವುದಕ್ಕೆ ಹಳೆಯ ಟೆಲಿಫೋನಿನ ಕಿವಿತುಂಡು. ಇನ್ನು ಮೈಕು? ಬ್ಯಾಟರಿ ಸೆಲ್ಲಿನ ಒಳಗಿನ ಕರಿಕಡ್ಡಿ ಕುಟ್ಟಿ, ಆ ಪುಡಿಯನ್ನು ನನ್ನ ಕಾಡಿಗೆ ಡಬ್ಬಿಗೆ ತುಂಬಿ, ಮೇಲೆ ತೆಳುವಾದ ತಗಡು ಕೂರಿಸಿದಳು. ಡಬ್ಬಿ ನನ್ನ ತವರಿನದು.

"ನನ್ನ ಕೇಳಲಾರದ ತಗೊಂಡಿ ಹೌದಿಲ್ಲೋ?" ಎಂದೆ.

"ವೈನಿ, ನಿನ್ನ ಕಣ್ಣಿಗೆ ಕಾಡಿಗಿ ಎದಕ್ಕ ಬೇ, ಹಂಗ ಕರ್ರಗ ಅದಾವು" ಎಂದು ನಕ್ಕಳು. ನಾನು ಬೈಯುವುದನ್ನು ಮರೆತೆ. ಹಾಗಿದ್ದಳು.

ಡಬ್ಬಿಯನ್ನೂ ಕಿವಿತುಂಡನ್ನೂ ಹತ್ತಿರ ಹಿಡಿದರೆ ಕುಂಯ್ ಎನ್ನುತ್ತಿತ್ತು. "ತನ್ನ ದನಿ ತಾನ ಕೇಳಿಸ್ಕೊಳ್ಳಾಕತ್ತೈತಿ" ಎಂದು ಅವಳು ಹೇಳಿದ್ದು ಆವಾಗಲೇ. ಮಾವನ ಕಿವಿಗೆ ತುಂಡು ಹಿಡಿದು, ಡಬ್ಬಿಯನ್ನು ಬಾಯಿಯ ಮುಂದಿಟ್ಟು, ಹಾಡೆಂದು ಕೈಸನ್ನೆ ಮಾಡಿದಳು. ಮಾವ ಒಂದು ಸಾಲು ಎತ್ತಿದರು. ನಿಲ್ಲಿಸಿದರು.

"ನನ್ನ ದನಿ ಎಲ್ಲೋ ದೂರ ಐತಿ" ಎಂದರು. "ನಡುವ ಯಾರೋ ಮಂಡಕ್ಕಿ ಹುರಿಯಾಕತ್ತಾರ."

ಗೌರವ್ವ ಮತ್ತೆ ಸವಣೂರಿಗೆ ಓಡಿದಳು. ಸಾಹೇಬರು ಹೇಳಿದರಂತೆ: "ಕಾರ್ಬನ್ ಅಂದ್ರ ಇದ್ದಲಿ, ಬೇಟಾ. ಇದ್ದಲಿ ಚಟಪಟ ಅನ್ನಲಾರದ ಇರ್ತೈತೇನು? ಉಪ್ಪಿನ ಹರಳು ಬೆಳಸು. ಅದಕ್ಕ ಸಪ್ಪಳ ತಾಗಿದ್ರ ಅದು ನಡಗತೈತಿ, ನಡಗಿದ್ರ ಅದರಿಂದ ಕರೆಂಟ್ ಬರತೈತಿ."

ನೀವು ನಂಬುತ್ತೀರೋ ಇಲ್ಲವೋ, ಉಪ್ಪನ್ನು ಬೆಳೆಸಬಹುದು. ನಾನೂ ನಂಬಿರಲಿಲ್ಲ. ಬ್ರೆಡ್ಡು ಮಾಡುವವರು ಹಾಕುವ ಹುಳಿ ಪುಡಿ ತಂದಳು, ಬಟ್ಟೆ ಒಗೆಯುವ ಸೋಡಾ ತಂದಳು. ಎರಡನ್ನೂ ಕುದಿಸಿ, ಧೋತರದ ಅರಿವೆಯಲ್ಲಿ ಸೋಸಿ, ಗಾಜಿನ ಭರಣಿಗೆ ಹಾಕಿದಳು. ಜೋಳದ ಕಾಳಿನಷ್ಟು ಒಂದು ಹರಳನ್ನು ದಾರಕ್ಕೆ ಕಟ್ಟಿ ಅದರೊಳಗೆ ಇಳಿಬಿಟ್ಟಳು. ಅದು ಮೈ ತುಂಬಿಕೊಳ್ಳುತ್ತ ಬಂತು. ಮೊದಲನೆಯದನ್ನು ಕಡಲೆಯಷ್ಟಾದಾಗಲೇ ತೆಗೆದು, ಒದ್ದೆ ದಾರದಿಂದ ಕೊಯ್ದು, ಎರಡೂ ಮಗ್ಗುಲಿಗೆ ಸಿಗರೇಟು ಪಾಕೀಟಿನ ಬೆಳ್ಳಿಕಾಗದ ಅಂಟಿಸಿ ಮಾವನಿಗೆ ಕೇಳಿಸಿದಳು. ಮಾವ "ಶಿವಾ" ಎಂದರು.

"ಹುರಿಯೂದು ನಿಂತೈತಿ, ಗೌರಿ. ಆದ್ರ ಇರವಿ ಮಾತಾಡಿದಂಗ ಐತಿ."

"ಹರಳ ಸಣ್ಣದೈತಪ್ಪಾ. ದೊಡ್ಡದು ಬೆಳಸ್ತೇನಿ" ಎಂದು ಅವಳು ಮುಷ್ಟಿ ತೋರಿಸಿದಳು.

ಆಮೇಲೆ ಮೂರು ತಿಂಗಳು. ಮಾವ ದಿನಾ ಮುಂಜಾನೆ ಎದ್ದು ದೇವರಿಗೆ ಕೈ ಮುಗಿದು, ನಂತರ ಆ ಭರಣಿಯ ಮುಂದೆ ಕೂರುವರು. ಬೆರಳಿನಲ್ಲಿ ಅಳತೆ ತೋರಿಸಿ "ಎಷ್ಟಾತು?" ಎಂದು ಕೇಳುವರು. ಬಸುರಿಯನ್ನು ಕೇಳಿದಂತೆ. ನಾನು ಮೂರು ಹೆತ್ತೆ, ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಗೂಟದಿಂದ ಏಕತಾರಿ ಇಳಿಸಿ ಧೂಳು ಒರೆಸಿದ್ದನ್ನೂ ಒಂದು ದಿನ ಕಂಡೆ.

ಮಳೆಗಾಲ ಬಂತು. ಕೆರೆಯ ನೀರು ಕೆಮ್ಮಣ್ಣಿನ ರಾಡಿ. ಆಗ ನಲ್ಲಿ ಗಿಲ್ಲಿ ಏನಿಲ್ಲ. ಕೊಡ ತುಂಬಿ ತಂದು ಪಟಕದ ಹರಳನ್ನು ಅದರಲ್ಲಿ ಹತ್ತು ಸುತ್ತು ತಿರುಗಿಸಿದರೆ ಮಣ್ಣು ತಳಕ್ಕೆ ಕೂರುತ್ತಿತ್ತು. ಎಲ್ಲರ ಮನೆಯಲ್ಲೂ ಪಟಕಕ್ಕೆ ಒಂದು ದಾರ, ದಾರಕ್ಕೆ ಒಂದು ಮೊಳೆ. ನಮ್ಮ ಪಟಕ ತೀರಿತ್ತು. "ಸವಣೂರಿಗೆ ಹ್ವಾದಾಗ ಪಟಕ ತಗೊಂಬಾ" ಎಂದು ಗೌರವ್ವನಿಗೆ ಎರಡು ಸಲ ಹೇಳಿದ್ದೆ. ಅವಳು ಎರಡು ಸಲವೂ ಮರೆತಿದ್ದಳು.

ಒಂದು ಮುಂಜಾನೆ ಅವಳು ಬೆಳ್ಳಿಕಾಗದ, ತಂತಿ ತರಲು ಸವಣೂರಿಗೆ ಹೋದಳು. ನಾನು ಕೆರೆಯಿಂದ ಬಂದು ಕೊಡ ಇಳಿಸಿದೆ. ಒಲೆಯ ಪಕ್ಕದ ಗೋಡೆಯಲ್ಲಿ, ಬೆಚ್ಚನೆಯ ಜಾಗದಲ್ಲಿ, ಮೊಳೆಗೆ ದಾರ, ದಾರಕ್ಕೆ ನಿಂಬೆಹಣ್ಣಿನಷ್ಟು ದೊಡ್ಡ ತಿಳಿಯಾದ ಹರಳು. ಅಂತೂ ಹೋದ ಸಲ ತಂದು, ಹೇಳುವುದನ್ನು ಮರೆತಿದ್ದಾಳೆ ಎಂದುಕೊಂಡೆ. ಕೊಡಕ್ಕೆ ಇಳಿಬಿಟ್ಟು ತಿರುಗಿಸಿದೆ. ರಾಡಿ ತಳಕ್ಕೆ ಕೂರಲಿಲ್ಲ. ಇನ್ನೂ ತಿರುಗಿಸಿದೆ. ಬೇರೆ ಕೆಲಸ ಮಾಡುತ್ತ, ಬಂದು ಬಂದು ತಿರುಗಿಸಿದೆ. ಪಟಕ ಒಂದು ತುಂಡು ತಂದರೆ ಮಳೆಗಾಲ ದಾಟುತ್ತದೆ. ಇದು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಬರೀ ದಾರ ಮೇಲೆ ಬಂತು. ಕಳಪೆ ಪಟಕ ಎಂದು ಸವಣೂರಿನ ಅಂಗಡಿಯವನನ್ನು ಬೈದೆ. ರೂಢಿಯಂತೆ ಒದ್ದೆ ದಾರವನ್ನು ಮತ್ತೆ ಮೊಳೆಗೆ ಹಾಕಿದೆ. ಮಾವ ಆ ನೀರು ಎರಡು ತಂಬಿಗೆ ಕುಡಿದು, ಸಂಜೆಯೊಳಗೆ ಮೂರು ಸಲ ಹೊಲದ ಕಡೆ ಹೋದರು.

ಭರಣಿ ಬರಿದಾಗಿದ್ದುದು ನನ್ನ ಕಣ್ಣಿಗೆ ಬಿದ್ದಾಗ ಬಸ್ಸು ಬರುವ ಹೊತ್ತಾಗಿತ್ತು. ನಾನು ಕೊಡದಲ್ಲಿ ತಿರುಗಿಸಿದ್ದು ಯಾವ ಹರಳೆಂದು ಆಗ ತಿಳಿಯಿತು.

ಗೌರವ್ವ ಬಂದಳು. ಚೀಲ ಇಳಿಸುವ ಮೊದಲೇ ಮೊಳೆ ನೋಡಿದಳು. ದಾರದಿಂದ ಹನಿ ಇಳಿದು ಕೆಳಗೆ ನೆಲ ಒದ್ದೆಯಾಗಿತ್ತು. ಆ ಕಲೆಯನ್ನು ಬೆರಳಿಂದ ಮುಟ್ಟಿದಳು.

"ಕರಗಿತಲ್ಲ ಬೇ ವೈನಿ" ಎಂದಳು. "ಒಣಗಿಸಾಕಂತ ಹಾಕಿದ್ದೆ. ನಾ ಬೆಳಸಿದ್ದು ಚಲೋ ಆಗಿದ್ದಿಲ್ಲೇನು? ಹವಾಕ್ಕ ತಾನ ಕರಗಿತೇನು?"

ನಾನು "ಹೂಂ" ಎಂದೆ.

ಅಷ್ಟೇ. ಯಾರೂ ಹೊಡೆಯುವವರಿರಲಿಲ್ಲ. ಗಂಡ ಹೊಲದಲ್ಲಿದ್ದ. ಮಾವ ಅಲ್ಲೇ ಕಂಬಕ್ಕೆ ಒರಗಿದ್ದರು. ಉಪ್ಪಿಗೂ ಪಟಕಕ್ಕೂ ಫರಕು ಗೊತ್ತಿಲ್ಲದ ದಡ್ಡಿ ಎಂದು ಅವರ ಮುಂದೆ ಅನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಮಾವ ಕಿವುಡರು. ನಾನು ಕೂಗಿ ನಿಜ ಹೇಳಿದ್ದರೂ ಅವರಿಗೆ ಕೇಳುತ್ತಿರಲಿಲ್ಲ. ಅಷ್ಟೂ ನನಗೆ ಹೊಳೆಯಲಿಲ್ಲ ನೋಡಿ.

ಇನ್ನೊಂದು ಬೆಳೆಸುತ್ತಾಳೆ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅವಳು ಬೆಳೆಸಲಿಲ್ಲ. "ನನ್ನ ಕೈಯಾಗ ಇದು ಬರೂದಿಲ್ಲ" ಎಂದು ಮಣೆ, ಡಬ್ಬಿ, ಕಿವಿತುಂಡು ಎಲ್ಲ ಕಟ್ಟಿ ಸಾಹೇಬರಿಗೆ ಕೊಟ್ಟು ಬಂದಳು. ಮಾವ ಬೆರಳಿನ ಅಳತೆ ತೋರಿಸಿ ಎರಡು ದಿನ ಕೇಳಿದರು, ಅವಳು ಇಲ್ಲವೆಂದು ತಲೆಯಾಡಿಸಿದಳು, ಮೂರನೆಯ ದಿನ ಕೇಳಲಿಲ್ಲ. ಆ ವರ್ಷವೇ ಹಿರೇಕೆರೂರಿನ ಸಂಬಂಧಕ್ಕೆ ಗೌರವ್ವ ಹೂಂ ಎಂದಳು. ಮಾವ ಇನ್ನೊಂದು ವರ್ಷ ಬದುಕಿದರು, ಹಾಡದೆ.

ಹಿರೇಕೆರೂರಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಅವಳ ಮನೆಯ ಮಿಕ್ಸಿ ಕೆಟ್ಟರೆ ರಿಪೇರಿಯವನನ್ನು ಕರೆಸುತ್ತಾಳೆ. ಅವನು ತಿರುಪು ಬಿಚ್ಚುವಾಗ ಎದ್ದು ಒಳಗೆ ಹೋಗುತ್ತಾಳೆ. ಅದನ್ನು ನೋಡಿಯೂ ನಾನು ಚಹಾ ಕುಡಿದು ಬಸ್ಸು ಹತ್ತಿದ್ದೇನೆ.

ಆದರೆ ಮೊನ್ನೆ ಮಶೀನು ಚೀರಿದ ಮೇಲೆ ನಿದ್ದೆ ಹತ್ತಲಿಲ್ಲ. ಮುಂಜಾನೆ ಹೊರಟೆ.

ಗೌರವ್ವ ಕಟ್ಟೆಯ ಮೇಲೆ ಕುಳಿತು ಮೆಂತ್ಯಪಲ್ಯ ಸೋಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗೆ.

"ಕಿವಿಗೆ ಮಶೀನ್ ಹಾಕ್ಕೊಂಡೀಯಂತ. ಕೊಡಿಲ್ಲೆ" ಎಂದು ಕೈ ಚಾಚಿದಳು. ಬಿಚ್ಚಿ ಕೊಟ್ಟೆ. ಬೆಳಕಿಗೆ ಹಿಡಿದಳು, ತಿರುಗಿಸಿದಳು, ಉಗುರಿನ ತುದಿಯಿಂದ ಸೂಜಿಯ ಕಣ್ಣಿನಷ್ಟು ಸಣ್ಣ ತೂತನ್ನು ಮುಟ್ಟಿ ತೋರಿಸಿದಳು. ಮೈಕು ಅಲ್ಲಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಮಶೀನು ಅವಳ ಕೈಯಲ್ಲಿತ್ತು. ಅವಳ ಮಾತು ನನಗೆ ಕೇಳದು. ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಹೇಡಿಗೆ ಸಿಗುವುದಿಲ್ಲ.

"ಗೌರವ್ವ, ಅವತ್ತ ಆ ಹರಳ ನಾ ಪಟಕ ಅಂತ ಕೊಡದಾಗ ತಿರಿವಿದ್ನಿ" ಎಂದೆ.

ಅವಳ ತುಟಿ ಅಲುಗಿತು. ಮತ್ತೆ ಅಲುಗಿತು, ಅದೇ ಮಾತು. ನಾನು ಗೋಣು ಹಾಕಲಿಲ್ಲ. ಅವಳು ಎದ್ದು ಬಂದು, ನನ್ನ ಸೆರಗು ಸರಿಸಿ, ಮಶೀನನ್ನು ತಾನೇ ನನ್ನ ಕಿವಿಗೆ ಕೂರಿಸಿದಳು. ಕೈ ಈಗಲೂ ನಡುಗುವುದಿಲ್ಲ.

"ತಾನ ಕರಗಲಿಲ್ಲ ಅದು?"

"ಇಲ್ಲ."

"ಚಲೋ ಬೆಳದಿತ್ತು?"

"ಚಲೋ ಬೆಳದಿತ್ತು. ನಾನ ಕರಗಿಸಿದ್ನಿ."

ಅವಳು ಮೆಂತ್ಯಪಲ್ಯದ ರಾಶಿಯನ್ನು ಪಕ್ಕಕ್ಕೆ ಸರಿಸಿ ಕುಳಿತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಈಗ ಕೇಳಸ್ತೈತೇನು ನಿನಗ?"

"ಕೇಳಸ್ತೈತಿ."

"ಹಂಗಾರ ಕೇಳು" ಎಂದು ಶುರು ಮಾಡಿದಳು. ಅಪ್ಪನಿಂದ ಶುರು ಮಾಡಿದಳು. ರೂಢಿಯಂತೆ ನನ್ನ ಕೈ ಗುಂಡಿಯ ತನಕ ಎದ್ದಿತು. ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡೆ.