ಕೊನೆಯ ಓಟಗಾರನಿಗೆ ಬಕೆಟ್ ಬಾರಿಸಿದವರು

ಬೆಳಗಿನ ಜಾವ. ಡಬ್ಲಿನ್ನಿನ ಉತ್ತರ ಭಾಗದ ಈ ಕ್ರೀಡಾಂಗಣದಲ್ಲಿ ಎದ್ದಿರುವುದು ಮೊಲಗಳು ಮತ್ತು ಲೀಲಾವತಿ ಮಾತ್ರ. ಮೊಲಗಳು ನಡುವಿನ ಹುಲ್ಲಿನಲ್ಲಿ ಮೇಯುತ್ತಿವೆ. ಲೀಲಾವತಿ ಮುಖಕ್ಕೆ ಮಾಸ್ಕು, ಕೈಗೆ ರಬ್ಬರ್ ಗ್ಲೌಸು, ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು ಸಾಲು ಸಾಲು ಕುರ್ಚಿಗಳಿಗೆ ಸ್ಯಾನಿಟೈಸರ್ ಸಿಂಪಡಿಸಿ ಒರೆಸುತ್ತಿದ್ದಾರೆ. ಒಂದು ಸಾಲು ಮುಗಿದಾಗ ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗಿ, ಲಟಕ್ ಎಂದು ನೆಟಿಗೆ ತೆಗೆದು ಮುಂದಿನ ಸಾಲಿಗೆ ನಡೆಯುತ್ತಾರೆ.

"ಯಾರೂ ಕೂರದ ಕುರ್ಚೀನ ಯಾಕೆ ಒರೆಸ್ತೀರಿ ಅಂತ ಮಾತ್ರ ಕೇಳ್ಬೇಡಿ," ನಾನು ಬಾಯಿ ತೆರೆಯುವ ಮೊದಲೇ ಹೇಳುತ್ತಾರೆ. "ನಾನೂ ಕೇಳಿದ್ದೆ. ರೂಲ್ಸ್ ಅಂದ್ರು. ಸರಿ, ಇಲ್ಲಿಯವ್ರ ಥರ 'ಗ್ರ್ಯಾಂಡ್' ಅಂದೆ."

ಲೀಲಾವತಿಗೆ ಈಗ ನಲವತ್ತೊಂದು. ತಿಪಟೂರಿನ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಹನ್ನೊಂದು ವರ್ಷ ಪಿಟಿ ಮೇಡಂ ಆಗಿದ್ದವರು. ಗಂಡ ಚಂದ್ರಕಾಂತ ನರ್ಸು. ಅವರಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಮಗಳು ಮಾನ್ಯಾಳನ್ನು ಕಟ್ಟಿಕೊಂಡು ಇವರೂ ಬಂದರು. ಲೀಲಾವತಿಯ ಓದಿಗೆ ಇಲ್ಲಿ ಮೇಡಂ ಕೆಲಸ ಸಿಗಲಿಲ್ಲ. ಶುಚಿಗೊಳಿಸುವ ಕಂಪನಿಯೊಂದು ಕರೆದು, ಆಫೀಸೋ ಸ್ಟೇಡಿಯಮ್ಮೋ ಎಂದು ಕೇಳಿತು. ಆಫೀಸು ಮನೆಯಿಂದ ಐದು ನಿಮಿಷ, ಸ್ಟೇಡಿಯಂಗೆ ಎರಡು ಬಸ್ಸು.

"ನಾನು ಸ್ಟೇಡಿಯಂ ಅಂದೆ. ಇವ್ರು, 'ಮೇಡಂ ಆಗಿದ್ದೋಳು ಕಸ ಗುಡಿಸ್ತೀಯಾ?' ಅಂತ ಬೇಜಾರು ಮಾಡ್ಕೊಂಡ್ರು. ಗುಡಿಸೋದು ಎಲ್ಲಾದ್ರೂ ಗುಡಿಸೋದೇ ಅಲ್ವಾ? ಟ್ರ್ಯಾಕ್ ಪಕ್ಕ ಗುಡಿಸ್ತೀನಿ ಬಿಡಿ ಅಂದೆ."

ಆಮೇಲೆ ಕೊರೋನಾ ಬಂತು. ಚಂದ್ರಕಾಂತ ಐಸಿಯುನಲ್ಲಿ ಡ್ಯೂಟಿ. ಸೋಂಕು ತಗುಲೀತೆಂದು ಮನೆಯಲ್ಲೇ ಮೇಲಿನ ಪುಟ್ಟ ಕೋಣೆ ಸೇರಿಕೊಂಡರು. ಊಟದ ತಟ್ಟೆ ಬಾಗಿಲ ಹೊರಗೆ. ಮಾನ್ಯಾ ಇನ್ನೊಂದು ಕೋಣೆಯಲ್ಲಿ ಆನ್‌ಲೈನ್ ಕ್ಲಾಸಿಗೆ. "ಮೂರು ಜನ, ಮೂರು ಬಾಗಿಲು. ಮಾತಾಡೋಕೂ ಫೋನು. ಈ ಮೈದಾನ ಇಲ್ದಿದ್ರೆ ನಂಗೆ ತಲೆ ಕೆಡ್ತಿತ್ತು," ಎನ್ನುವಾಗ ಅವರ ಕೈ ಒಮ್ಮೆ ನಿಲ್ಲುತ್ತದೆ. ದಿನಕ್ಕೆ ಸುಮಾರು ಎರಡು ಸಾವಿರ ಕುರ್ಚಿ, ಹನ್ನೆರಡು ಶೌಚಾಲಯ, ಕೈ ತಾಗುವ ಪ್ರತಿಯೊಂದು ಕಂಬಿ. ಆರು ಜನರ ತಂಡ, ಅದರ ಮೇಲೆ ಮೊರೀನ್ ಎಂಬ ಐರಿಷ್ ಸೂಪರ್‌ವೈಸರ್.

ಕಳೆದ ಬೇಸಿಗೆಯಲ್ಲಿ ಇಲ್ಲೊಂದು ದೊಡ್ಡ ಅಂತರರಾಷ್ಟ್ರೀಯ ಕೂಟ ನಡೆಯಿತು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಒಳಗಿದ್ದವರು ಕೂಗುವಂತಿರಲಿಲ್ಲ, ಬೇಕಿದ್ದರೆ ಚಪ್ಪಾಳೆ ತಟ್ಟಬಹುದು. ಕೊನೆಯ ದಿನ ಸಂಜೆ ಪುರುಷರ ಹತ್ತು ಸಾವಿರ ಮೀಟರ್ ಫೈನಲ್. ಟ್ರ್ಯಾಕಿಗೆ ಇಪ್ಪತ್ತೈದು ಸುತ್ತು. ಕೆಲಸ ಮುಗಿಸಿದ ತಂಡ ಅಲ್ಲಲ್ಲಿ ದೂರ ದೂರ ನಿಂತು ನೋಡುತ್ತಿತ್ತು.

ಐದನೇ ಸುತ್ತಿನಲ್ಲಿ ಹಳದಿ ಜೆರ್ಸಿಯವನೊಬ್ಬ ಗುಂಪಿನಲ್ಲಿ ಕಾಲು ತೊಡರಿ ಮುಗ್ಗರಿಸಿ ಬಿದ್ದ. ಎದ್ದ. ಮೊಣಕಾಲಿನಿಂದ ರಕ್ತ. ಅಷ್ಟರಲ್ಲಿ ಗುಂಪು ಮುಂದೆ ಹೋಗಿತ್ತು. ಬಿಡದೆ ಓಡಿದ. ಗೆದ್ದವನು ಗೆದ್ದ, ಹೆಗಲಿಗೆ ಬಾವುಟ ಬಂತು, ಕ್ಯಾಮೆರಾಗಳೆಲ್ಲ ಅವನ ಹಿಂದೆ ಹೋದವು. ಒಬ್ಬೊಬ್ಬರೇ ಮುಗಿಸಿದರು. ಟ್ರ್ಯಾಕಿನಲ್ಲಿ ಉಳಿದವರು ಇಬ್ಬರೇ: ಹಳದಿಯವನು, ಅವನಿಗಿಂತ ತುಸು ಮುಂದೆ ಸುಸ್ತಾಗಿ ತೂರಾಡುತ್ತಿದ್ದ ನೀಲಿ ಜೆರ್ಸಿಯವನು. ಇಬ್ಬರಿಗೂ ಇನ್ನೂ ಎರಡು ಸುತ್ತು ಬಾಕಿ.

"ಒಂದು ನರಪಿಳ್ಳೆನೂ ನೋಡ್ತಿಲ್ಲ ಅವ್ರನ್ನ. ಅವ್ರ ಶೂ ಸದ್ದು ಇಲ್ಲೀವರ್ಗೂ ಕೇಳ್ತಿತ್ತು. ನಮ್ಮ ಸ್ಕೂಲಲ್ಲಿ ಲಾಸ್ಟ್ ಬರೋ ಮಗು ಗೆರೆ ದಾಟೋವರ್ಗೂ ಯಾರೂ ಜಾಗ ಬಿಟ್ಟು ಕದಲಂಗಿರ್ಲಿಲ್ಲ. ನನ್ನ ರೂಲ್ಸ್ ಅದು. ಚಪ್ಪಾಳೆ ಹೊಡೆಯೋಣ ಅಂತ ಹೋದ್ರೆ ರಬ್ಬರ್ ಗ್ಲೌಸು, ಪಚ್ ಪಚ್ ಅಂತೈತೆ. ಬಕೆಟ್ ಕವುಚಿ ಹಾಕ್ದೆ. ಬ್ರಷ್ಷಿನ ಹಿಡಿಯಿಂದ ಬಾರಿಸ್ದೆ!"

ಹಳದಿಯವನ ಹೆಜ್ಜೆಗೆ ಸರಿಯಾಗಿ ಬಾರಿಸಿದರು. ಆಮೇಲೆ ಮೆಲ್ಲಗೆ ತಾಳ ಏರಿಸಿದರು. ಅವನ ಹೆಜ್ಜೆಯೂ ಏರಿತು. ನೀಲಿಯವನ ಬೆನ್ನು ಹತ್ತಿರವಾಯಿತು. ಆಗ ಎದುರಿನ ತಿರುವಿನಿಂದ ಧಡ್ ಧಡ್ ಎಂಬ ಸದ್ದು! ಮೊರೀನ್ ಪೊರಕೆ ಹಿಡಿಯಿಂದ ಕಸದ ಡಬ್ಬಿ ಬಡಿಯುತ್ತಿದ್ದರು, ನೀಲಿಯವನಿಗಾಗಿ.

"ನನ್ನ ಬೈಯ್ಯೋಕೆ ಬರ್ತಾರೆ ಅನ್ಕೊಂಡಿದ್ದೆ. ನೋಡಿದ್ರೆ ಆಯಮ್ಮ ನಂಗೆ ಆಪೋಸಿಟ್ ಪಾರ್ಟಿ!"

ತಂಡ ಎರಡು ಹೋಳಾಯಿತು. ಮೂವರು ಹಳದಿ, ಮೂವರು ನೀಲಿ, ಮೊರೀನ್ ಸೇರಿ ನಾಲ್ವರು. ಕುರ್ಚಿ, ಕಂಬಿ, ಸ್ಪ್ರೇ ಡಬ್ಬಿ, ಕೈಗೆ ಸಿಕ್ಕಿದ್ದಕ್ಕೆಲ್ಲ ಏಟು. ಕೊನೆಯ ಸುತ್ತಿನ ಗಂಟೆ ಹೊಡೆಯುವಾಗ ಇಬ್ಬರೂ ಪಕ್ಕ ಪಕ್ಕ ಓಡುತ್ತಿದ್ದರು. ಕೊನೆಯಿಂದ ಎರಡನೇ ಸ್ಥಾನಕ್ಕೆ ಅಂಥ ಜಿದ್ದಾಜಿದ್ದಿ! ಬೇರೆ ಸ್ಪರ್ಧೆಯ ಪದಕ ಕೊರಳಿಗೆ ಹಾಕಿಕೊಳ್ಳಲು ನಿಂತಿದ್ದವರೂ ತಿರುಗಿ ನೋಡಿದರು.

"ಗೆದ್ದಿದ್ದು ನೀಲಿ," ಲೀಲಾವತಿ ಕೈ ಚೆಲ್ಲುತ್ತಾರೆ. "ಒಂದೇ ಒಂದು ಎದೆಯಷ್ಟು ಮುಂದೆ. ನಮ್ಮೋನು ಲಾಸ್ಟೇ ಬಂದ. ಆದ್ರೆ ಇಬ್ಬರೂ ಟ್ರ್ಯಾಕ್ ಮೇಲೆ ಅಂಗಾತ ಬಿದ್ಕೊಂಡು ಹೆಂಗೆ ನಕ್ರು ಅಂತೀರಿ! ಆಮೇಲೆ ಹಳದಿ ಕುಂಟ್ಕೊಂಡು ನನ್ನತ್ರ ಬಂದ, ದೂರದಲ್ಲೇ ನಿಂತು ಎದೆ ಮೇಲೆ ಕೈಯಿಟ್ಟ. ಮಾಸ್ಕ್ ಒಳಗೆ ನಾನು ಗೊಳೋ ಅಂತ ಅಳ್ತಿದ್ದೆ, ಅವನಿಗೆ ಕಾಣ್ಲಿಲ್ಲ ಸದ್ಯ."

ಮರುದಿನ ಬೆಳಿಗ್ಗೆಯೇ ಕಂಪನಿಯ ಮ್ಯಾನೇಜರ್ ಫೋನು. ಗದ್ದಲ ಮಾಡಿದ್ದಕ್ಕೆ ದೂರು ಬಂದಿದೆ, ಶುರು ಮಾಡಿದ್ದು ಯಾರು? ಕೆಲಸ ಹೋಯಿತೆಂದೇ ಲೀಲಾವತಿ ಅಂದುಕೊಂಡರು. ಇವರು ಬಾಯಿ ಬಿಡುವ ಮುಂಚೆ, ಅದೇ ಕರೆಯಲ್ಲಿದ್ದ ಮೊರೀನ್, "ನಾನೇ" ಎಂದುಬಿಟ್ಟರು. "ಅಲ್ಲ ಸಾರ್, ನಾನು" ಎಂದು ಇವರು. ಮ್ಯಾನೇಜರ್ ಬೇಸತ್ತು ಇಬ್ಬರಿಗೂ ಎಚ್ಚರಿಕೆ ಕೊಟ್ಟು ಫೋನಿಟ್ಟ. ಮೊರೀನ್‌ರನ್ನು ಕೇಳಿದರೆ ಕಣ್ಣು ಹೊಡೆದು, "ಹೇಗಿದ್ದರೂ ನನ್ನ ಹುಡುಗನೇ ಗೆದ್ದ, ಅದನ್ನು ಬರೆದುಕೊಳ್ಳಿ" ಎನ್ನುತ್ತಾರೆ.

ಅಂದು ಗಂಟೆ ಹೊಡೆದ ವಯಸ್ಸಾದ ಸ್ವಯಂಸೇವಕ ಇಲ್ಲಿನ ಓಟದ ಕ್ಲಬ್ಬಿನ ತರಬೇತುದಾರ. ವಾರ ಕಳೆದು ಇವರನ್ನು ಹುಡುಕಿಕೊಂಡು ಬಂದು, ಓಟಗಾರನ ಹೆಜ್ಜೆ ಓದಿ ತಾಳ ಹಾಕುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಪಿಟಿ ಮೇಡಂ ಆಗಿದ್ದೆ ಎಂದು ಈ ದೇಶದಲ್ಲಿ ಲೀಲಾವತಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಈಗ ಪ್ರತಿ ಶನಿವಾರ, ಶಿಫ್ಟು ಮುಗಿದ ಮೇಲೆ, ಕ್ಲಬ್ಬಿನ ಪುಟ್ಟ ಮಕ್ಕಳನ್ನು ಓಡಿಸುತ್ತಾರೆ. ಮಾನ್ಯಾಳೂ ಬರುತ್ತಾಳೆ. "ಅಮ್ಮಾ, ಯೂ ಆರ್ ವೆರಿ ಲೌಡ್" ಎಂದು ಐರಿಷ್ ರಾಗದಲ್ಲಿ ಗೊಣಗುತ್ತಲೇ ಎಲ್ಲರಿಗಿಂತ ಮುಂದೆ ಓಡುತ್ತಾಳೆ. ಲಸಿಕೆ ಹಾಕಿಸಿಕೊಂಡ ಚಂದ್ರಕಾಂತ ಪುಟ್ಟ ಕೋಣೆಯಿಂದ ಹೊರಬಂದಿದ್ದಾರೆ. ಶನಿವಾರ ರಜೆಯಿದ್ದರೆ ಫ್ಲಾಸ್ಕಿನಲ್ಲಿ ಕಾಫಿ ತಂದು ಬೇಲಿಯಾಚೆ ನಿಲ್ಲುತ್ತಾರೆ.

ಬಿಸಿಲು ಮೇಲಿನ ಸಾಲಿಗೆ ತಲುಪಿದೆ. ಇನ್ನೇನು ಆಸೆ ಎಂದು ಕೇಳುತ್ತೇನೆ. ಲೀಲಾವತಿ ಒದ್ದೆ ಬಟ್ಟೆ ಹಿಂಡುತ್ತಾ ಯೋಚಿಸುತ್ತಾರೆ.

"ಒಂದ್ಸಲ ಇದು ಫುಲ್ ತುಂಬಬೇಕು. ಮಕ್ಕಳು ಮರಿ ಎಲ್ಲ ಬರ್ಲಿ, ಚಿಪ್ಸು ಚೆಲ್ಲಲಿ, ಕೋಕ್ ಚೆಲ್ಲಲಿ, ಕಾಲಿಡೋಕೆ ಜಾಗ ಇಲ್ದಂಗೆ ಕಸ ಆಗ್ಲಿ," ಎನ್ನುತ್ತಾ ಮುಂದಿನ ಸಾಲಿಗೆ ನಡೆಯುತ್ತಾರೆ. "ಗುಡಿಸೋಕೆ ನಾನಿದೀನಲ್ಲ."