ಒಂದು ಕಡೆ ಬಿಸಿ, ಒಂದು ಕಡೆ ತಂಪು

ನಾವಿದ್ದ ಪರದೇಶದ ಊರು ಕಸರಾನಿಯಲ್ಲಿ ಪಕ್ಕದ ಮನೆಯ ಮೇಡಂ ಮಂಗಳೂರು ಕಡೆಯವರು, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಅವರು ಸಾಕಿದ್ದ, ಮೊಟ್ಟೆಯಿಡದೆ ಮರಿ ಹಾಕುವ ಮಣ್ಣುಮುಕ್ಕ ಹಾವು ಬಸುರಾದಾಗ, ಗಾಜಿನ ಪೆಟ್ಟಿಗೆಗೆ ಆಗಾಗ ಅಂಗೈ ಒತ್ತಿ ನೋಡುತ್ತಿದ್ದರು. ಬಲ್ಬಿನ ಶಾಖಕ್ಕೆ ಒಂದು ತುದಿ ಬಿಸಿ, ಇನ್ನೊಂದು ತಂಪು. "ಎಲ್ಲಿ ಬೇಕೋ ಅವಳೇ ಹೋಗ್ಲಿ" ಎನ್ನುವುದು ಅವರ ಮಾತು.

ಅಲ್ಲಿ ಜುಲೈ ಅಂದರೆ ಚಳಿಗಾಲ; ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮೇಡಂ ಕಾಲೇಜಿನಲ್ಲಿದ್ದರು, ಮನೆಯ ಕೀಲಿ ನನ್ನ ಹತ್ತಿರ ಇತ್ತು. ಹೊಟ್ಟೆಯಲ್ಲಿನ ಮರಿಗಳು ಸತ್ತುಹೋದಾವೆಂದು ಹೆದರಿ, ಪೆಟ್ಟಿಗೆಯ ಸುತ್ತಲೂ ಬಿಸಿನೀರಿನ ಬಾಟಲಿಗಳನ್ನಿಟ್ಟು ಕಂಬಳಿ ಹೊದಿಸಿದೆ, ಊರಲ್ಲಿ ಬಾಣಂತಿ ಕೋಣೆ ಮಾಡುವ ಹಾಗೆ.

ಓಡಿ ಬಂದ ಮೇಡಂ ಅಂಗೈ ಒತ್ತಿ ನೋಡಿ, ಒಂದು ಕಡೆಯ ಬಾಟಲಿಗಳನ್ನೆಲ್ಲ ತೆಗೆದರು.

"ಸೆಕೆಯಾದ್ರೆ ಅವಳು ಎಲ್ಲಿಗೆ ಹೋಗುದು ಮಾರಾಯ್ರೆ?"

ಹಾವು ಮೆಲ್ಲಗೆ ಆ ಕಡೆ ಸರಿಯಿತು. ಮುಂದಿನ ತಿಂಗಳು ಮರಿ ಹಾಕಿತು.

ಕರೆಂಟ್ ಹೋದ ಆ ದಿನವೇ ನಾನು ಮನೆಗೆ ಹೋದವನೇ, ಬಾಣಂತಿ ಹೆಂಡತಿ ಎಷ್ಟು ಕೇಳಿದರೂ ತೆಗೆಯದಿದ್ದ ಕಿಟಕಿಯನ್ನು ತೆಗೆದೆ.